ಮಾವನ ಸೀಸೆ

“ತಟ್ಟೆ ಅದಲುಬದಲು ಮಾಡು” ಅಂದರು ಮಾವ.

ಅತ್ತೆ ಆಗಷ್ಟೇ ನಾಲ್ಕು ತಟ್ಟೆಗೂ ಅನ್ನ ಬಡಿಸಿ, ಮೇಲೆ ಬೇಳೆ ಹಾಕಿ, ಉಸ್ಸಪ್ಪ ಎಂದು ಕೂತಿದ್ದರು. ನನ್ನ ಗಂಡ ಮೊದಲ ತುತ್ತು ಬಾಯಿಗಿಡುವುದರಲ್ಲಿದ್ದ.

“ಯಾರ ತಟ್ಟೆ? ಏನಾಯ್ತೀಗ?” ಅಂದರು ಅತ್ತೆ.

“ನನ್ನದು ಅವನಿಗೆ. ಅವನದು ನನಗೆ.”

“ಎರಡರಲ್ಲೂ ಅದೇ ಅನ್ನ, ಅದೇ ಬೇಳೆ ರೀ.”

“ಅದೇ ಆಗಿದ್ರೆ ಕೊಡೋಕೇನು ಕಷ್ಟ?”

ನನ್ನ ಗಂಡ ನಕ್ಕು ತನ್ನ ತಟ್ಟೆಯನ್ನು ಅಪ್ಪನ ಕಡೆ ತಳ್ಳಿದ. ಅತ್ತೆ ದಡಕ್ಕನೆ ಎದ್ದು ಅದನ್ನು ಅರ್ಧ ದಾರಿಯಲ್ಲೇ ಕಿತ್ತುಕೊಂಡು, ಸೀದಾ ಒಳಗೆ ಹೋಗಿ ಮುಸುರೆ ಬಕೆಟ್ಟಿಗೆ ಸುರಿದುಬಿಟ್ಟರು. “ಮೂವತ್ತೆರಡು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದೊಂದು ಬಾಕಿ ಇತ್ತು. ವಿಷ ಹಾಕೋಳು ಅನ್ನಿಸ್ಕೊಳ್ಳೋದು!” ಎಂದು ಅಲ್ಲಿಂದಲೇ ಕೂಗಿದರು.

“ನೋಡಿದ್ಯೇನಮ್ಮಾ?” ಮಾವ ನನ್ನ ಕಡೆ ತಿರುಗಿದರು. “ಯಾಕೆ ಚೆಲ್ಲಿದಳು? ಹೇಳು, ಯಾಕೆ ಚೆಲ್ಲಿದಳು?”

“ಬೇಜಾರಾಗಿ ಚೆಲ್ಲಿದ್ರು ಮಾವ. ನನಗೆ ಹಾಗಂದಿದ್ರೆ ನಾನು ತಟ್ಟೆ ಅಲ್ಲ, ಪಾತ್ರೇನೇ ಎತ್ತಿ ಹಾಕ್ತಿದ್ದೆ.”

ಹಾಗಂದೆ, ಹಾಗೇ ನಂಬಿದ್ದೆ ಕೂಡ. ಅತ್ತೆಯ ಪರ ವಹಿಸುವುದು ನನಗೆ ಅಭ್ಯಾಸವಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ಮಾವ ಆಡುತ್ತಿದ್ದ ಮಾತು ಕೇಳಿದರೆ ಕಲ್ಲಾದರೂ ಅತ್ತೆಯ ಪರ ನಿಲ್ಲುತ್ತಿತ್ತು. ಮೊದಲು ಅವರ ಬೀಗದ ಕೈಯನ್ನು ಯಾರೋ ಬಚ್ಚಿಡುತ್ತಿದ್ದರು. ಆಮೇಲೆ ಎದುರು ಮನೆಯ ಟೇಲರ್ ಶುರುವಾದ.

“ಆ ಟೇಲರ್ ದಿನಾ ಕಿಟಕಿ ಹತ್ರಾನೇ ಯಾಕೆ ಕೂರ್ತಾನೆ?”

“ಬೆಳಕಿಗೆ ರೀ! ಸೂಜಿಗೆ ದಾರ ಹಾಕೋಕೆ ಕತ್ತಲೆಮೂಲೆಗೆ ಹೋಗ್ತಾರಾ?”

“ನಿನಗೆ ಹೇಗೆ ಗೊತ್ತು, ಬೆಳಕಿಗೇ ಅಂತ? ಕೇಳಿದ್ಯಾ?”

ಐವತ್ತೈದು ದಾಟಿದ, ಮಂಡಿನೋವಿನ ಹೆಂಗಸಿಗೆ ಈ ಮಾತು. ಮಾವ ಒಂದು ಭಾನುವಾರ ಕೂತು ಅಡುಗೆಮನೆಯ ಕಿಟಕಿಗೆ ಹಳೇ ಪೇಪರು ಅಂಟಿಸಿದರು. ನಾವು ಹಗಲುಹೊತ್ತೇ ದೀಪ ಹಾಕಿಕೊಂಡು ತರಕಾರಿ ಹೆಚ್ಚತೊಡಗಿದೆವು. ಅತ್ತೆ ಅಂಗಡಿಗೆ ಹೋದರೆ ಎಷ್ಟು ನಿಮಿಷ ಎಂದು ಲೆಕ್ಕ. ಈಗ ಊಟದ ತಟ್ಟೆಗೂ ಬಂತು.

ಮಾವ ಮುಂಚೆ ಹೀಗಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ತಮ್ಮ ಪಾಲಿನ ಮೊಟ್ಟೆಯನ್ನು ನನ್ನ ತಟ್ಟೆಗೆ ಜಾರಿಸಿ ಗೊತ್ತಿಲ್ಲದ ಹಾಗೆ ಕೂರುತ್ತಿದ್ದರು. ಅಂಥ ಮನುಷ್ಯ. ನನಗೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಕೊಡಿಸಿದ್ದೂ ಅವರೇ.

ನಮ್ಮದು ರೇಯಾನ್ ಕಾರ್ಖಾನೆ. ಮರದ ತಿರುಳನ್ನು ದಪ್ಪ ಹಾಳೆ ಮಾಡಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ, ದೊಡ್ಡ ಪೀಪಾಯಿಗಳಲ್ಲಿ ಒಂದು ಕೆಟ್ಟ ಗ್ಯಾಸಿನ ಜೊತೆ ತಿರುಗಿಸುತ್ತಾರೆ. ಪುಡಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅದನ್ನು ಕರಗಿಸಿದರೆ ಜೇನಿನಂಥ ಪಾಕ. ಆ ಪಾಕವನ್ನು ಕೂದಲೆಳೆಯಷ್ಟೂ ಇಲ್ಲದ ತೂತುಗಳಿಂದ ಆಸಿಡ್ ತೊಟ್ಟಿಯೊಳಗೆ ಒತ್ತಿದರೆ ಹೊಳೆಯುವ ನೂಲಾಗಿ ಎದ್ದು ಬರುತ್ತದೆ, ಹಾಕಿದ ಗ್ಯಾಸು ಅಲ್ಲೇ ಬಿಟ್ಟುಕೊಳ್ಳುತ್ತದೆ. ಮಾವ ಇಪ್ಪತ್ತೇಳು ವರ್ಷದಿಂದ ಆ ತೊಟ್ಟಿಯ ಮುಂದೆ ನಿಂತವರು. ಎಳೆ ಹರಿದರೆ ಬರಿಗೈಯಲ್ಲಿ ಆಸಿಡ್ಡಿಗೆ ಬೆರಳಿಟ್ಟು ಎತ್ತಿ ಕೂಡಿಸುತ್ತಿದ್ದರು. ಯಂತ್ರಕ್ಕೆ ಗಾಜಿನ ಕಿಟಕಿಗಳಿವೆ, ಗ್ಯಾಸು ಹೊರಗೆ ಬರದಿರಲಿ ಎಂದು. ಮುಚ್ಚಿದ ಕಿಟಕಿಯೊಳಗೆ ಕೈ ಓಡುವುದಿಲ್ಲ ಎಂದು ಹಳೆಯ ಕೆಲಸಗಾರರೆಲ್ಲ ಅದನ್ನು ಮೇಲಕ್ಕೆತ್ತಿ ಮರದ ತುಂಡು ಕೊಟ್ಟು ನಿಲ್ಲಿಸುತ್ತಾರೆ. ಮಾವನ ತುಂಡು ಎಲ್ಲರಿಗಿಂತ ಉದ್ದ.

ಈ ನೂಲಿಗೊಂದು ಶನಿ ಇದೆ. ಒಣಗಿದ್ದಾಗ ಗಟ್ಟಿ, ಒದ್ದೆಯಾದರೆ ಅರ್ಧ ಬಲವೂ ಇಲ್ಲ, ಒಗೆಯುವಾಗ ಜಗ್ಗಿದರೆ ಪಿಸಿಯುತ್ತದೆ. ಆ ವರ್ಷ ಕಾರ್ಖಾನೆಯವರು ಒದ್ದೆಯಲ್ಲೂ ನಿಲ್ಲುವ ನೂಲು ತೆಗೆಯಲು ಹೊರಟಿದ್ದರು. ಅದಕ್ಕೆ ಪಾಕದಲ್ಲಿ ಗ್ಯಾಸು ಹೆಚ್ಚು ಹಾಕಬೇಕು, ತೊಟ್ಟಿಯಲ್ಲಿ ಆಸಿಡ್ ಕಡಿಮೆ ಇಡಬೇಕು, ನೂಲನ್ನು ನಿಧಾನವಾಗಿ ಎಳೆಯಬೇಕು. ಒಂದೇ ಒಂದು ಯಂತ್ರ, ಅದಕ್ಕೆ ಮಾವನನ್ನೇ ಹಾಕಿದರು. ಅವರು ಹಿಗ್ಗಿ ಹೀರೇಕಾಯಿಯಾದರು. “ರಿಟೈರ್ ಆಗೋದ್ರೊಳಗೆ ನೀರಿಗೆ ಹೆದರದ ನೂಲು ತೆಗೆದು ತೋರಿಸ್ತೀನಿ” ಎಂದು ಮನೆಯಲ್ಲಿ ದಿನಾ ಅದೇ ಜಪ. ಬೀಗದ ಕೈ ಕಳೆಯಲು ಶುರುವಾಗಿದ್ದೂ ಆಗಲೇ. ಚಹಾದ ಲೋಟ ಕೈಯಿಂದ ಜಾರುತ್ತಿತ್ತು. ಬಿಸಿ ಚಹಾ ಬೆರಳ ಮೇಲೆ ಚೆಲ್ಲಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆ ಗ್ಯಾಸು ತಲೆಗೆ ಹತ್ತಿದರೆ ಮನುಷ್ಯನಿಗೆ ಸಂಶಯ ಹಿಡಿಯುತ್ತದೆ ಎಂದು ಲ್ಯಾಬಿನಲ್ಲಿರುವ ನನಗೆ ಗೊತ್ತು. ಹಾಗಾದರೆ ಇದು ಗ್ಯಾಸೆಂದು ಹಿಡಿಯಲು ತಡ ಏಕೆ ಎಂದು ನೀವು ಕೇಳಬಹುದು. ತಡ ಆಗಿದ್ದು ಸೀಸೆಯಿಂದ.

ನೂಲು ತೆಗೆಯುವವರೆಲ್ಲ ಹದಿನೈದು ದಿನಕ್ಕೊಮ್ಮೆ ಪಾಳಿ ಮುಗಿದ ಮೇಲೆ ಒಂದು ಸೀಸೆಯಲ್ಲಿ ಮೂತ್ರ ಕೊಡಬೇಕು. ನಾವು ಅದಕ್ಕೆ ಕಂದು ಬಣ್ಣದ ಒಂದು ದ್ರಾವಣ ಹಾಕುತ್ತೇವೆ. ಮೈಯಲ್ಲಿ ಗ್ಯಾಸಿಲ್ಲದಿದ್ದರೆ ಕಂದು ಬಣ್ಣ ಗಂಟೆಗಟ್ಟಲೆ ಹಾಗೇ ಇರುತ್ತದೆ. ಗ್ಯಾಸಿದ್ದರೆ ಬಣ್ಣ ಹಾರಿ ನೀರಾಗುತ್ತದೆ. ಎಷ್ಟು ಬೇಗ ಹಾರಿತೋ ಅಷ್ಟು ಗ್ಯಾಸು. ಎರಡು ಸಲ ಕೆಟ್ಟರೆ ಆ ಮನುಷ್ಯನನ್ನು ತೊಟ್ಟಿ ಬಿಡಿಸಿ, ನೂಲನ್ನು ಮೂಟೆ ಮಾಡಿ ಬೇಲ್ ಕಟ್ಟುವ, ಗ್ಯಾಸಿಲ್ಲದ ವಿಭಾಗಕ್ಕೆ ಹಾಕುತ್ತಾರೆ. ಸೀಸೆಗೆ ಹೆಸರಿಲ್ಲ, ನಂಬರು ಮಾತ್ರ. ಮಾವನದು ನಲವತ್ತೊಂದು. ನಾಲ್ಕು ತಿಂಗಳಿಂದ ನಲವತ್ತೊಂದು ಬೆಳಿಗ್ಗೆಯಿಂದ ಸಂಜೆತನಕ ಕಂದಾಗಿಯೇ ಕೂತಿರುತ್ತಿತ್ತು. ಎಳೆಮಗುವಿನದು ತಂದಿಟ್ಟರೂ ಅಷ್ಟು ಶುದ್ಧ ಬರುತ್ತಿರಲಿಲ್ಲ.

ತಟ್ಟೆಯ ಜಗಳವಾದ ಮಾರನೇ ದಿನ ಅತ್ತೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದರು.

“ನಿನ್ನ ಸೀಸೆ ಏನನ್ನುತ್ತೆ? ಗ್ಯಾಸೋ, ಅಲ್ವೋ?”

“ಸೀಸೆ ಸರಿಯಾಗಿದೆ ಅತ್ತೆ.”

“ಹಾಗಾದ್ರೆ ಅದು ಗ್ಯಾಸಲ್ಲ. ಮನಸ್ಸಲ್ಲಿದ್ದಿದ್ದೇ ಬಾಯಿಗೆ ಬರ್ತಿದೆ.” ಇನ್ನೊಂದು ಸೀರೆ ಒಳಗೆ ತುರುಕಿದರು. “ಗ್ಯಾಸು ಅಂದ್ರೆ ಸಹಿಸ್ಕೋತೀನಿ ಕಣಮ್ಮಾ. ಕಾಯಿಲೆಯೋರು ಏನಂದ್ರೂ ಸಹಿಸ್ಕೋಬಹುದು. ಬುದ್ಧಿ ನೆಟ್ಟಗಿದ್ದು ಹೀಗಂತಾರೆ ಅಂದ್ರೆ ನಾನು ಈ ಮನೇಲಿರಲ್ಲ. ಇನ್ನೊಂದು ಮಾತು ಬರಲಿ, ತಂಗಿ ಮನೆಗೆ ಹೊರಟೆ.”

ಮುಂದಿನ ಸೀಸೆಯಾದರೂ ಕೆಡಲಿ ದೇವರೇ ಎಂದು ಬೇಡಿಕೊಂಡೆ. ಸ್ವಂತ ಮಾವನ ಮೈಯಲ್ಲಿ ವಿಷ ಇರಲಿ ಎಂದು ಬೇಡಿಕೊಂಡ ಸೊಸೆ ನಾನೊಬ್ಬಳೇ ಇರಬೇಕು.

ಅದೇ ದಿನಗಳಲ್ಲಿ ನನ್ನ ಗಂಡ ಬೇರೊಂದು ರಾಗ ತೆಗೆದ. ಅವನು ಬಸ್ ಡ್ರೈವರ್. ಕೆಲಸ ಮುಗಿಸಿ ಬರುವಾಗ ಹಾಕಿಯೇ ಬರುತ್ತಿದ್ದ. ಅದು ಇಡೀ ಬೀದಿಗೆ ಗೊತ್ತು.

“ಲೇ, ಎರಡು ಗುಟುಕು ಹೋದ್ರೆ ಸಾಕು ಕಣೇ, ಮುಖ ಕಾದ ಹೆಂಚಾಗುತ್ತೆ. ಎದೆ ಡವಡವ. ಹೊಟ್ಟೇಲಿರೋದೆಲ್ಲಾ ಹೊರಗೆ.”

“ಒಳ್ಳೇದಾಯ್ತು ಬಿಡು.”

“ತಮಾಷೆ ಅಲ್ಲ. ಆ ಬಾರಿನವನು ಏನೋ ಕಲಬೆರಕೆ ಮಾಡ್ತಿದಾನೆ.”

ಮೂರು ಬಾರು ಬದಲಾಯಿಸಿದ. ಮೂರರಲ್ಲೂ ಅದೇ ಕಥೆ. ಆಮೇಲೆ ಹೆದರಿಕೊಂಡ. ಲಿವರ್ ಹೋಯ್ತು ಎಂದು ತಾನೇ ತೀರ್ಪು ಕೊಟ್ಟುಕೊಂಡು ಕುಡಿಯುವುದನ್ನು ನಿಲ್ಲಿಸಿ, ಸಂಜೆ ಆರಕ್ಕೆಲ್ಲ ಮನೆಗೆ ಬಂದು ಗೋಡೆಗೆ ಒರಗಿ ಸಾಯುವವನ ಮುಖ ಮಾಡಿಕೊಂಡು ಕೂರತೊಡಗಿದ. ಆಸ್ಪತ್ರೆಗೆ ಹೋಗೋಣ ಎಂದರೆ ಬೇಡ, ಗೊತ್ತಾಗಿಬಿಡುತ್ತೆ ಅನ್ನುತ್ತಿದ್ದ. ನಾನು ಒಳಗೊಳಗೇ ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ.

ಮುಂದಿನ ಸರದಿಯಲ್ಲಿ ನಲವತ್ತೊಂದಕ್ಕೆ ಹನಿ ಹಾಕಿದೆ. ಕಣ್ಣು ಮಿಟುಕಿಸಿ ತೆಗೆಯುವಷ್ಟರಲ್ಲಿ ಬಣ್ಣ ಮಾಯ. ಇನ್ನೊಮ್ಮೆ ಮಾಡಿದೆ, ಮತ್ತೆ ಮಾಯ. ರಿಜಿಸ್ಟರಿನಲ್ಲಿ ಬರೆದೆ. ಹದಿನೈದು ದಿನ ಬಿಟ್ಟು ಎರಡನೆಯದೂ ಹಾಗೇ. ಕಾರ್ಖಾನೆಯ ವೈದ್ಯರು ಕನ್ನಡಕ ಏರಿಸಿ ನೋಡಿ, “ಇಷ್ಟು ದಿನ ಚೊಕ್ಕವಾಗಿದ್ದೋನಿಗೆ ಒಂದೇ ಸಲ ಇಷ್ಟಾ? ಕುಡಿತ ಬಿಡಿಸೋ ಗುಳಿಗೆ ಏನಾದ್ರೂ ತಗೋತಾರಾ ನಿಮ್ಮ ಮಾವ? ಅದಕ್ಕೂ ಬಣ್ಣ ಹೀಗೇ ಹಾರುತ್ತೆ” ಅಂದರು.

“ಕುಡಿಯೋದೇ ಇಲ್ಲ ಸರ್ ಅವರು.”

“ಹಾಗಾದ್ರೆ ಗ್ಯಾಸೇ” ಎಂದು ವರ್ಗಾವಣೆಗೆ ಸಹಿ ಹಾಕಿದರು.

ಸಿಹಿಸುದ್ದಿ ಹೊತ್ತವಳ ಹಾಗೆ ಮನೆಗೆ ಓಡಿದೆ. ಅತ್ತೆಯ ಕೈ ಹಿಡಿದು, “ಗ್ಯಾಸು ಅತ್ತೆ! ಗ್ಯಾಸೇ! ಮಾವನ ಮನಸ್ಸಲ್ಲಿ ಏನೂ ಇಲ್ಲ” ಅಂದೆ. ಅತ್ತೆ ಅತ್ತುಬಿಟ್ಟರು. ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಮಡಿಸಿಡತೊಡಗಿದರು.

ಅಷ್ಟರಲ್ಲಿ ಮಾವ ಬಂದರು. ವರ್ಗಾವಣೆಯ ಚೀಟಿ ಕೈಯಲ್ಲಿ ಮುದುರಿ ಉಂಡೆಯಾಗಿತ್ತು.

“ನೀನೂ ಸೇರ್ಕೊಂಡ್ಯಾ ಅವಳ ಜೊತೆ?” ಎಂದು ನನ್ನ ಮೇಲೆ ಹರಿಹಾಯ್ದರು. “ನೂಲು ಇನ್ನೇನು ಕೈಗೆ ಬರ್ತಿತ್ತು. ಇನ್ನು ಎರಡು ವಾರ. ನೀನೇ ಏನೋ ಹಾಕಿ ಬಣ್ಣ ಹಾರಿಸಿದ್ದೀಯ!”

“ನಾನ್ಯಾಕೆ ಹಾಕಲಿ ಮಾವ? ಸೀಸೆ ಕೆಟ್ಟಿದೆ.”

“ಕೆಡೋಕೆ ಸಾಧ್ಯಾನೇ ಇಲ್ಲ!”

“ಯಾಕೆ ಸಾಧ್ಯ ಇಲ್ಲ?”

“ಅದು ನನ್ನದಲ್ಲ!”

ಅತ್ತೆ ಮಡಿಸುತ್ತಿದ್ದ ಸೀರೆ ಕೆಳಗಿಟ್ಟರು.

“ನಿಮ್ಮದಲ್ಲ ಅಂದ್ರೆ?”

ಗೋಡೆಗೊರಗಿದ್ದ ನನ್ನ ಗಂಡ ಕೈ ಎತ್ತಿದ. “ನನ್ನದು” ಅಂದ. “ಸೀಸೆ ಕೆಟ್ರೆ ತೊಟ್ಟಿ ಬಿಡಿಸ್ತಾರೆ ಅಂತ ಅಪ್ಪ ಕೇಳಿದ್ರು, ಕೊಡ್ತಿದ್ದೆ. ನಾಲ್ಕು ತಿಂಗಳಿಂದ. ಟಾನಿಕ್ ಸೀಸೇಲಿ ತುಂಬಿ ಅಪ್ಪನ ಊಟದ ಡಬ್ಬಿ ಚೀಲಕ್ಕೆ ಹಾಕ್ತಿದ್ದೆ.”

“ಊಟದ ಚೀಲಕ್ಕಾ!” ಅತ್ತೆ ಕಿರುಚಿದರು. “ನಾನು ಕೈಯಾರೆ ಒಗೀತಿದ್ದ ಚೀಲಕ್ಕಾ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸು ಓಡಿಸುವ ಮನುಷ್ಯ, ಕಾರ್ಖಾನೆಯ ಗೇಟೂ ದಾಟಿದವನಲ್ಲ. ಅವನ ಮೈಗೆ ಗ್ಯಾಸು ಎಲ್ಲಿಂದ ಬರಬೇಕು? ಆಗ ವೈದ್ಯರ ಮಾತು ಕಿವಿಯಲ್ಲಿ ಗುಂಯ್ ಅಂದಿತು. ಕೆಂಪು ಮುಖ, ಡವಡವ ಎದೆ, ಮೂರು ಬಾರು. ತಿರುಗಿ ನೋಡಿದೆ. ಅತ್ತೆ ಚೀಲದ ವಿಷಯ ಬಿಟ್ಟು ಮೆಲ್ಲಗೆ ಅಡುಗೆಮನೆಯ ಕಡೆ ಜಾರುತ್ತಿದ್ದರು.

“ಅತ್ತೆ, ಇವನ ಊಟಕ್ಕೆ ಏನು ಹಾಕ್ತಿದ್ದೀರಿ?”

ಅವರು ನಿಂತರು. ಸುಳ್ಳು ಹೇಳಲು ಒಂದು ಕ್ಷಣ ನೋಡಿದರು, ಆಗಲಿಲ್ಲ.

“ಗುಳಿಗೆ” ಅಂದರು. “ಕುಡಿತ ಬಿಡಿಸೋದು. ದಿನಕ್ಕೊಂದು. ಪುಡಿ ಮಾಡಿ ಇವನ ತಟ್ಟೆಯ ಬೇಳೇಲಿ ಹಾಕ್ತಿದ್ದೆ. ಇನ್ನೇನು ಮಾಡ್ಲಿ? ಹೇಳಿದ್ರೆ ನುಂಗ್ತಾನಾ ಇವನು?”

“ನಾನು ಸಾಯ್ತೀನಿ ಅಂದ್ಕೊಂಡಿದ್ದೆ ಕಣಮ್ಮಾ!” ನನ್ನ ಗಂಡ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು. “ಒಂದು ತಿಂಗಳಿಂದ ದಿನಾ ಸಾಯ್ತಿದ್ದೀನಿ. ನೀನು ಎದುರಿಗೆ ಕೂತು ಬಡಿಸ್ತಿದ್ದೆ!”

ಆದರೆ ಅವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಾವ ನಗುತ್ತಿದ್ದರು. ಮೇಜು ಕುಟ್ಟಿ ಕುಟ್ಟಿ ನಗುತ್ತಿದ್ದರು. “ಹೇಳಲಿಲ್ವಾ ನಾನು? ಚಮಚದ ಬೆನ್ನಲ್ಲಿ ಅರೀತಿದ್ದಿದ್ದು ಕಣ್ಣಾರೆ ಕಂಡಿದ್ದೆ. ನನಗೆ ಹುಚ್ಚು ಅಂದ್ರಿ. ಈಗ ಹೇಳ್ರಿ! ಇದು ನಿಜ ಆದ್ರೆ ಟೇಲರ್ರೂ ನಿಜ. ಎಲ್ಲಾ ನಿಜ!”

ಇನ್ನು ಈ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರು? ಅತ್ತೆ ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಸೂಟ್‌ಕೇಸಿಗೆ ತುಂಬಿದರು.

“ನಾಳೆ ಒಂದು ದಿನ ಇರಿ ಅತ್ತೆ” ಎಂದು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

ಮಾರನೇ ದಿನ ಲ್ಯಾಬಿನಿಂದ ದ್ರಾವಣ ಕದ್ದು ತಂದೆ. ಹೌದು, ಕದ್ದೇ ತಂದೆ. ಮಾವನಿಗೆ ತೊಟ್ಟಿಯ ಮುಂದೆ ಅದು ಕೊನೆಯ ಪಾಳಿ. ಬಂದವರಿಗೆ ಚಹಾ ಕೊಟ್ಟು, “ಈಗ ನಿಮ್ಮದೇ ಕೊಡಿ ಮಾವ” ಅಂದೆ.

“ನೀನು ಅದಕ್ಕೇನೂ ಬೆರೆಸಲ್ಲ ಅಂತ ಏನು ಗ್ಯಾರಂಟಿ?”

“ನಾನು ಮುಟ್ಟೋದೇ ಇಲ್ಲ. ಅತ್ತೆದು ಒಂದು, ನನ್ನದೊಂದು, ನಿಮ್ಮದೊಂದು. ನೀವೇ ಹಾಕ್ಕೊಳ್ಳಿ, ನೀವೇ ಗುರುತು ಮಾಡ್ಕೊಳ್ಳಿ. ಹನಿನೂ ನೀವೇ ಹಾಕಿ.”

ಮೂರು ಗಾಜಿನ ನಳಿಕೆಗಳನ್ನು ಬಚ್ಚಲಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಮಾವ ಜೇಬಿನಿಂದ ಹೊಸ ನೂಲಿನ ತುಣುಕು ತೆಗೆದು ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ತಮ್ಮದಕ್ಕೆ ಮೂರು ಗಂಟು ಹಾಕಿದರು. ಜೋಮು ಹಿಡಿದ ಬೆರಳಿಗೆ ಅದೇ ಐದು ನಿಮಿಷದ ಕೆಲಸವಾಯಿತು. ಎಣಿಸಿ ಹನಿ ಬಿಟ್ಟರು. ತಮ್ಮ ಗಡಿಯಾರವನ್ನೇ ಕೈಯಿಂದ ಬಿಚ್ಚಿ ಮುಂದಿಟ್ಟುಕೊಂಡರು. ಮೂರೂ ಕಂದು.

ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸುವ ಮೊದಲೇ ಮೂರು ಗಂಟಿನದು ನೀರಾಯಿತು. ಉಳಿದೆರಡೂ ಅಲ್ಲಾಡಲಿಲ್ಲ.

ಮಾವ ಇನ್ನೊಮ್ಮೆ ಮಾಡಿದರು. ಮೂರನೆಯ ಸಲ ಅತ್ತೆಯ ಮತ್ತು ತಮ್ಮ ನಳಿಕೆಯ ಜಾಗ ಬದಲಾಯಿಸಿ ಮಾಡಿದರು. ಆಮೇಲೆ ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತರು.

“ಹಾಗಾದ್ರೆ ಟೇಲರ್?” ಎಂದು ಅತ್ತೆಯನ್ನು ಕೇಳಿದರು. ಹೊಸ ಹುಡುಗ ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದರು.

“ಇಲ್ಲ ರೀ.”

“ಬೀಗದ ಕೈ?”

“ನೀವೇ ಮರೀತಿದ್ರಿ.”

“ಗುಳಿಗೆ?”

ಅತ್ತೆ ತಲೆ ತಗ್ಗಿಸಿದರು. “ಅದು ನಿಜ.”

“ಮೂರೂ ನನಗೆ ಒಂದೇ ಥರ ಕಾಣಿಸ್ತು ಕಣೇ” ಅಂದರು ಮಾವ. “ಯಾವುದು ನಿಜ, ಯಾವುದು ಗ್ಯಾಸು ಅಂತ ನಾನು ಹೇಗೆ ತಿಳ್ಕೊಳ್ಳಲಿ? ನಿನ್ನ ಕೇಳಲಾ? ನಿನ್ನ ಹೇಗೆ ಕೇಳಲಿ?”

ಮಾವ ಕತ್ತೆತ್ತಿ ನನ್ನನ್ನು ನೋಡಿದರು. “ನಿನ್ನ ಕೇಳ್ತೀನಮ್ಮಾ. ನೀನು ಸುಳ್ಳು ಹೇಳಲ್ಲ. ನಿನ್ನ ಸೀಸೆನೂ ಸುಳ್ಳು ಹೇಳಲಿಲ್ಲ.”

ಅಂದಿನಿಂದ ಹಾಗೇ ನಡೆಯಿತು. ಮಾವ ಬೇಲ್ ವಿಭಾಗಕ್ಕೆ ಹೋದರು. ನೀರಿಗೆ ಹೆದರದ ನೂಲನ್ನು ಬೇರೆ ಯಾರೋ ತೆಗೆದರು. ಸುದ್ದಿ ಕೇಳಿದ ದಿನ ಅವರು ಊಟ ಮಾಡಲಿಲ್ಲ. ಆದರೆ ನಿದ್ದೆ ಮರಳಿತು. ಕಿಟಕಿಯ ಪೇಪರನ್ನು ತಾವೇ ನೆನೆಸಿ ಕೆರೆದು ತೆಗೆದರು. ಅತ್ತೆಯ ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಮನಸ್ಸಿನಲ್ಲಿ ಏನಾದರೂ ಕೊರೆದರೆ ಮಾವ ಅತ್ತೆಯ ಮೇಲೆ ಕೂಗಾಡದೆ ಸೀದಾ ನನ್ನ ಬಳಿ ಬಂದು ಪಿಸುದನಿಯಲ್ಲಿ ಕೇಳುತ್ತಿದ್ದರು.

“ಹಾಲಿನವನು ನನ್ನ ನೋಡಿ ನಕ್ಕ. ಇದು ನಿಜಾನಾ, ಗ್ಯಾಸಾ?”

“ನಕ್ಕಿದ್ದು ನಿಜ ಮಾವ. ಅವನು ಎಲ್ಲರಿಗೂ ನಗ್ತಾನೆ.”

“ಸರಿ ಹಾಗಾದ್ರೆ.”

ಮೊದಲ ತಿಂಗಳು ದಿನಕ್ಕೆ ಐದಾರು ಸಲ ಕೇಳುತ್ತಿದ್ದರು. ಮೂರನೇ ತಿಂಗಳಿಗೆ ವಾರಕ್ಕೊಂದು ಇಳಿಯಿತು. ನಾನು ಒಂದಕ್ಕೂ ಸುಳ್ಳು ಹೇಳಲಿಲ್ಲ.

ನನ್ನ ಗಂಡನದು ಬೇರೆ ದಾರಿಯಾಯಿತು. ಕಾಯಿಲೆ ಇಲ್ಲ ಎಂದು ಗೊತ್ತಾದ ಖುಷಿಗೇ ಕುಡಿದ. ಆಮೇಲೆ ಅಮ್ಮನ ಮೇಲಿನ ಸಿಟ್ಟಿಗೆ ಕುಡಿದ. ಆಮೇಲೆ ಕಾರಣ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಹಿಂದಿನ ದಿನದ ಅಮಲು ಇಳಿಯದೆಯೇ ಸ್ಟಿಯರಿಂಗ್ ಹಿಡಿದು ಡಿಪೋದ ಗೋಡೆಗೆ ಬಸ್ಸು ಉಜ್ಜಿದ. ಒಳಗೆ ಜನ ಹತ್ತಿರಲಿಲ್ಲ, ಬದುಕಿದೆವು. ಇನ್ನೊಂದು ಸಲವಾದರೆ ಲೈಸೆನ್ಸ್ ಹೋಗುತ್ತದೆ ಎಂದು ಡಿಪೋದವರು ಬರೆದು ಕೊಟ್ಟರು. ವೈದ್ಯರ ಹತ್ತಿರ ಹೋಗೋಣ ಬಾ ಎಂದು ನಾನು ಅತ್ತು ಕರೆದರೆ, “ಗುಳಿಗೆ ಅನ್ನೋ ಮಾತೆತ್ತಿದ್ರೆ ಈ ಮನೇಲಿ ನೀರೂ ಕುಡಿಯಲ್ಲ” ಅಂದ. ಹೇಳದೆ ಕೊಟ್ಟರೆ ಪ್ರಾಣಕ್ಕೇ ಬರಬಹುದು ಎಂದು ವೈದ್ಯರು ನನಗೆ ಸ್ಪಷ್ಟವಾಗಿ ಹೇಳಿದ್ದರು. ಎರಡು ವಾರ ಯೋಚಿಸಿದೆ. ಬಸ್ಸಿನಲ್ಲಿ ಕೂರುವ ನಲವತ್ತು ಜನರನ್ನು ನೆನೆದೆ. ಈ ಸಲ ಗುಳಿಗೆ ತಂದು ಅತ್ತೆಯ ಕೈಗಿಟ್ಟವಳು ನಾನೇ.

ಮೂರನೆಯ ದಿನ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ. ಮಾವ ಹಿಂದೆ ಬಂದು ನಿಂತರು. ಕೇಳಲು ನಾಚಿಕೆಯಾಗಿ ಒಂದು ಒದ್ದೆ ಅಂಗಿಯನ್ನು ತಾವೇ ಎತ್ತಿ ಕೊಡವಿದರು.

“ಅಮ್ಮಾ, ಬೈಬೇಡ. ನಿಮ್ಮತ್ತೆ ಅಡುಗೆಮನೇಲಿ ಏನೋ ಅರೀತಿದ್ದ ಹಾಗೆ ಕಂಡಿತು. ಬೆಳ್ಳಗಿತ್ತು. ನನ್ನ ನೋಡಿ ಕೈ ಮುಚ್ಚಿಕೊಂಡಳು.” ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಇದು ನಿಜಾನಾ, ಗ್ಯಾಸಾ?”

“ಗ್ಯಾಸು ಮಾವ” ಅಂದೆ.

ಅವರ ಮುಖ ಸಣ್ಣದಾಯಿತು. “ಇನ್ನೂ ಹೋಗಿಲ್ವಾ ಹಾಗಾದ್ರೆ?”

“ಹೋಗುತ್ತೆ ಮಾವ. ಸ್ವಲ್ಪ ದಿನ ಬೇಕು.”

“ಹೋಗುತ್ತೆ ಅಂದ್ಕೊಂಡಿದ್ದೆ” ಅಂದರು. ಅಂಗಿಯನ್ನು ಹಗ್ಗಕ್ಕೆ ಹಾಕಿ, ಬಗ್ಗದ ಬೆರಳಿನಿಂದ ಕ್ಲಿಪ್ಪು ಒತ್ತಲು ಎರಡು ಸಲ ನೋಡಿ, ನನ್ನ ಕೈಗೇ ಕೊಟ್ಟರು. “ನಿಮ್ಮತ್ತೆಗೆ ಹೇಳಬೇಡ. ಪಾಪ, ಬೇಜಾರು ಮಾಡ್ಕೋತಾಳೆ.”

ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಮಾವ ಕೈಕಾಲು ತೊಳೆದು ಹೋಗಿ, ಅವರು ಬಡಿಸಿದ್ದನ್ನು ಏನೂ ಕೇಳದೆ ಉಂಡರು.